ಮಿಜ್ಪಾ ಎಂಬ ಕಾವಲಿನ ಜಾಗ

ಆಗಸ್ಟ್ 2, ಶನಿವಾರ

ಇವತ್ತು ಕಲಮಝೂದಲ್ಲಿ ಅಮ್ಮನನ್ನು ಬದಲಾಯಿಸಿಕೊಂಡೆವು. ಹೀಗೆ ಬರೆಯುವುದು ಒರಟು, ಆದರೆ ನಡೆಯುವುದು ಹಾಗೆಯೇ. ತಂಗಿ ಲತಾಶ್ರೀ ಲಿವೋನಿಯಾದಿಂದ ನೂರ ಇಪ್ಪತ್ತೈದು ಮೈಲಿ ಬರುತ್ತಾಳೆ. ನಾನು ನೇಪರ್‌ವಿಲ್‌ನಿಂದ ನೂರ ಐವತ್ತೈದು. ಎಕ್ಸಿಟ್ ಪಕ್ಕದ ಕಾಫಿ ಅಂಗಡಿಯ ಪಾರ್ಕಿಂಗ್‌ನಲ್ಲಿ ಅವಳ ಡಿಕ್ಕಿಯಿಂದ ನನ್ನ ಡಿಕ್ಕಿಗೆ ಎರಡು ಸೂಟ್‌ಕೇಸ್, ಔಷಧಿ ಚೀಲ, ದೇವರ ಪೆಟ್ಟಿಗೆ. ಅಮ್ಮ ಒಂದು ಸೀಟಿನಿಂದ ಇಳಿದು ಇನ್ನೊಂದಕ್ಕೆ ಹತ್ತುತ್ತಾಳೆ. ಹತ್ತು ನಿಮಿಷದ ಕೆಲಸ. ಆ ಮೂವತ್ತು ಮೈಲಿಯ ವ್ಯತ್ಯಾಸ ಲತಾಗೆ ಗೊತ್ತು. ಒಮ್ಮೆಯೂ ಅದರ ಮಾತೆತ್ತಿಲ್ಲ.

ನಾವು ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ನನ್ನ ಗಂಡ ಈರೇಶರ ವೀಸಾ ಎಕ್ಸ್‌ಟೆನ್ಶನ್ ಬಾಕಿ ಇತ್ತು, ಹೋದರೆ ಮರಳಿ ಬರಲಾಗದೆಂಬ ಹೆದರಿಕೆಗೆ ನಾನು ಮೈಸೂರಿಗೆ ಹೋಗಲಿಲ್ಲ. ಲತಾ ಹೋದಳು. ಬಂದ ಮೇಲೆ ಫೋನಿನಲ್ಲಿ, "ನಿನ್ನ ಬಗ್ಗೆ ಕೇಳಿದವರಿಗೆಲ್ಲಾ ಏನೋ ಒಂದು ಹೇಳ್ದೆ ಬಿಡಕ್ಕ" ಎಂದಳು. ಆ 'ಏನೋ ಒಂದು' ಏನೆಂದು ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಅಮ್ಮ ಕಾರಿನಲ್ಲಿ, "ಲತಾ ಸ್ವಲ್ಪ ಇಳಿದುಹೋಗಿದಾಳೆ" ಎಂದಳು. ನನ್ನನ್ನು ಚುಚ್ಚಲು ಲತಾ ಹೇಳಿಕೊಟ್ಟ ಮಾತಿರಬೇಕು ಎಂದುಕೊಂಡೆ. ಆಮೇಲೆ ಹೊಳೆಯಿತು, ಈ ಮೂರು ತಿಂಗಳು ಅಮ್ಮ ಇದ್ದದ್ದು ಅವಳ ಮನೆಯಲ್ಲಿ, ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾಳೆ.

ಆಗಸ್ಟ್ 5, ಮಂಗಳವಾರ

ಮಂಗಳವಾರಗಳು ಲಿಸ್ಲ್‌ನ ಸಣ್ಣ ಮ್ಯೂಸಿಯಂಗೆ ಮೀಸಲು. ಸಂಬಳವಿಲ್ಲ. ಕನ್ನಡ ಎಂ.ಎ. ಮಾಡಿ ಇಲ್ಲಿ ಹದಿನಾಲ್ಕು ವರ್ಷದಿಂದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವಳಿಗೆ ಬೇರೆಯವರ ಹಳೆಯ ಸಾಮಾನಿಗೆ ಚೀಟಿ ಬರೆಯುವ ಕೆಲಸ ಸಿಕ್ಕಿದ್ದೇ ಒಂದು ಸಮಾಧಾನ.

ಇವತ್ತು ಬಟ್ಟೆಗೆ ಚುಚ್ಚಿಕೊಳ್ಳುವ ಒಂದು ಬೆಳ್ಳಿಯ ಬ್ರೂಚ್ ಬಂತು. ನೂರು ವರ್ಷ ಮೀರಿದ್ದು. ಎರಡು ಹೃದಯಗಳು, ಸುತ್ತ ಬಳ್ಳಿ, ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ 'ಮಿಜ್ಪಾ'. ಆ ಕಾಲದಲ್ಲಿ ದೂರ ಹೋಗುವ ಪ್ರೇಮಿಗಳು ಇದನ್ನು ಕೊಟ್ಟುಕೊಳ್ಳುತ್ತಿದ್ದರಂತೆ. 'ಅಗಲಿದವರ ಪ್ರೀತಿಯ ಗುರುತು' ಎಂದು ಬರೆದೆ. ಪಕ್ಕದ ಮೇಜಿನ ಎಸ್ತರ್ ಕನ್ನಡಕ ಏರಿಸಿ ನೋಡಿದರು. ಎಂಬತ್ತು ದಾಟಿದ ಹೆಂಗಸು, ನಲವತ್ತು ವರ್ಷ ಮಕ್ಕಳಿಗೆ ಹೀಬ್ರೂ ಕಲಿಸಿದವರು.

"ಪ್ರೀತಿಯೇ? ಅದು ಊರಿನ ಹೆಸರು. ಆ ಊರಿನಲ್ಲಿ ಪ್ರೀತಿ ಗೀತಿ ಏನೂ ಇರಲಿಲ್ಲ" ಎಂದರು.

ಹೀಬ್ರೂವಿನಲ್ಲಿ ಅದು ಮಿತ್ಸ್‌ಪಾ. ಮೂಲ ಧಾತುವಿಗೆ ನಿಂತು ದೂರ ನೋಡುವುದು, ಕಾಯುವುದು ಎಂಬ ಅರ್ಥ. ಎತ್ತರದ ಕಾವಲಿನ ಜಾಗ ಎಂದಾಯಿತು. ಆ ನಾಡಿನಲ್ಲಿ ಅದೇ ಹೆಸರಿನ ಊರುಗಳು ಹಲವು ಇದ್ದವು, ಗುಡ್ಡ ಇದ್ದಲ್ಲೆಲ್ಲ ಕಾವಲು ಬೇಕಲ್ಲ. ಆದರೆ ಒಂದು ಮಿತ್ಸ್‌ಪಾಕ್ಕೆ ಮಾತ್ರ ಹೆಸರು ಬಂದ ಕಥೆ ಬೈಬಲಿನಲ್ಲಿ ಇದೆ. ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಮೋಸ ಮಾಡಿಕೊಂಡೇ ಬದುಕಿದ ಮಾವ ಮತ್ತು ಅಳಿಯ. ಅಳಿಯ ಹೇಳದೆ ಕೇಳದೆ ಹೆಂಡಿರು ಮಕ್ಕಳೊಂದಿಗೆ ಹೊರಟುಬಿಟ್ಟ. ಮಾವ ಬೆನ್ನಟ್ಟಿ ಹಿಡಿದ. ಕೊನೆಗೆ ಇಬ್ಬರೂ ಕಲ್ಲು ಒಟ್ಟಿ ಗುಡ್ಡೆ ಮಾಡಿದರು. ಈ ಗುಡ್ಡೆ ದಾಟಿ ನೀನು ನನ್ನ ಕಡೆ ಬರಬೇಡ, ನಾನು ನಿನ್ನ ಕಡೆ ಬರುವುದಿಲ್ಲ. ನಾವು ಒಬ್ಬರ ಕಣ್ಣಿಗೆ ಒಬ್ಬರು ಬೀಳದಿರುವಾಗ ದೇವರೇ ನಮ್ಮಿಬ್ಬರ ನಡುವೆ ಕಣ್ಣಿಟ್ಟಿರಲಿ.

"ಅದು ಹರಕೆ ಅಲ್ಲ, ಎಚ್ಚರಿಕೆ. ನಾನು ನೋಡದಿದ್ದಾಗ ನೀನು ಏನು ಮಾಡುತ್ತೀಯೋ ನನಗೆ ಗೊತ್ತು, ಅಂತ" ಎಂದರು ಎಸ್ತರ್.

ಚೀಟಿಯನ್ನು ಹರಿದು ಹಾಕಿದೆ. ಬಹಳ ದಿನದ ಮೇಲೆ ಒಂದು ಪದ ಕವಿತೆಯ ಸಾಲಿನ ಹಾಗೆ ಜೊತೆಗೇ ಮನೆಗೆ ಬಂತು. ಕಲಮಝೂಗೆ ಒಂದು ಹೆಸರು ಸಿಕ್ಕಿದಂತಾಯಿತು.

ಆಗಸ್ಟ್ 9, ಶನಿವಾರ

ಅಮ್ಮ ದೇವರಿಗೆ ದೀಪ ಹಚ್ಚಿ, ಹೂ ಕೀಳಲು ಹಿತ್ತಲಿಗೆ ಹೋಗಿ ಅಲ್ಲೇ ನಿಂತಳು. ಗಾಳಿಗೆ ಪರದೆಯ ಅಂಚು ದೀಪಕ್ಕೆ ತಾಗಿ ಕಮರಿತು. ಮನೆಯ ಅಷ್ಟೂ ಅಲಾರಂ ಒಟ್ಟಿಗೆ ಕೂಗಿದವು. ನಾನು ಮೆಟ್ಟಿಲು ಹಾರಿ ಇಳಿದೆ. ಪಕ್ಕದ ಮನೆಯವರು ಹೊರಗೆ ಬಂದರು.

"ಈ ಮನೆ ಪೂರ್ತಿ ಮರ ಕಣಮ್ಮ. ಐದು ನಿಮಿಷ ಸಾಕು ಬೂದಿ ಆಗೋಕೆ. ಇನ್ಮೇಲೆ ದೀಪ ಬೇಡ" ಎಂದೆ. ದನಿ ಎತ್ತರಿಸಿದ್ದೆನೋ ಏನೋ.

ಸಂಜೆ ಬ್ಯಾಟರಿ ದೀಪ ತಂದುಕೊಟ್ಟೆ. ನಿಜವಾದ ಜ್ವಾಲೆಯ ಹಾಗೇ ಅಲುಗಾಡುತ್ತದೆ. ಅಮ್ಮ ಅದನ್ನು ತಿರುಗಿಸಿ ನೋಡಿ, "ಎಣ್ಣೆ ಎಲ್ಲಿಗೆ ಹಾಕೋದು?" ಎಂದಳು.

"ಅಜ್ಜಿ, ಇಟ್ಸ್ ಎಲ್‌ಇಡಿ" ಎಂದಳು ಮಗಳು ತನಿಷಾ.

"ಆಗ್ಲಮ್ಮ" ಎಂದಳು ಅಮ್ಮ. ಈರೇಶ್ ಮಾತ್ರ, "ಮುದುಕಿ ಮಾರಿ ನೋಡಾಕ ಆಗವಲ್ದು. ನೀ ಪಕ್ಕದಾಗ ನಿಂತು ಹಚ್ಚಿಸಿದ್ರ ಆಗ್ತಿತ್ತಲ್ಲ" ಎಂದರು. ಬೆಳಗ್ಗೆ ಏಳಕ್ಕೆ ಮೀಟಿಂಗ್ ಹಿಡಿದು ಕೂರುವವರಿಗೆ ಹೇಳುವುದು ಸುಲಭ.

ಆಗಸ್ಟ್ 11, ಸೋಮವಾರ

ಅಮ್ಮ ಮುಚ್ಚಳ ಇರುವ ಸ್ಟೀಲ್ ಡಬ್ಬ ಕೇಳಿದಳು. ಯಾಕೆ ಎಂದರೆ "ಬೇಕಿತ್ತು" ಎಂದಳು. ಲತಾಗೆ ಉಪ್ಪಿನಕಾಯಿ ತುಂಬಿಕೊಡಲು ಇರಬೇಕು. ಕೊಟ್ಟೆ.

ಆಗಸ್ಟ್ 17, ಭಾನುವಾರ

ಲತಾ ಮತ್ತು ಅವಳ ಗಂಡ ದಿನೇಶ್ ಅರೋರಾದ ದೇವಸ್ಥಾನಕ್ಕೆ ಬಂದವರು ಹಾಗೇ ನಮ್ಮ ಮನೆಗೂ ಬಂದರು. ಆರು ವರ್ಷದಲ್ಲಿ ಮೊದಲ ಸಲ. ಫೋನ್ ಮಾಡಿದ್ದು ಹತ್ತು ನಿಮಿಷ ಮುಂಚೆ. ಆರು ವರ್ಷ ಬರದವರು ಹತ್ತು ನಿಮಿಷದ ಸೂಚನೆ ಕೊಟ್ಟು ಬರುವುದೆಂದರೆ ಏನರ್ಥ?

ಲತಾ ಕೈಯಲ್ಲಿ ನೀಲಿ ಫೈಲ್ ಇತ್ತು. ಕಾಫಿ ಮುಗಿಸಿ, "ಅಮ್ಮಂಗೆ ಒಂದು ವಿಷಯ ಕೇಳ್ಬೇಕಿತ್ತಕ್ಕ" ಎಂದು ಅಮ್ಮನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇಪ್ಪತ್ತು ನಿಮಿಷ. ನಾನು ಹೊರಗಿನ ಕಪಾಟಿನ ಮುಂದೆ ಟವೆಲ್ ಮಡಚುತ್ತಾ ನಿಂತಿದ್ದೆ. ಒಳಗಿನದು ಒಂದೂ ಕೇಳಿಸಲಿಲ್ಲ. ಒಂದೇ ಟವೆಲನ್ನು ನಾಲ್ಕು ಸಲ ಮಡಚಿದೆ.

ಫೈಲಿನಲ್ಲಿ ಏನಿದೆಯೆಂದು ನನಗೆ ಗೊತ್ತು. ಅಮ್ಮನ ವೀಸಾದ ಆರು ತಿಂಗಳು ಅಕ್ಟೋಬರ್‌ಗೆ ಮುಗಿಯುತ್ತದೆ. ತಾಯಿಯನ್ನು ಇಲ್ಲೇ ಉಳಿಸಿಕೊಳ್ಳಲು ಅರ್ಜಿ ಹಾಕುವ ಹಕ್ಕು ಪೌರತ್ವ ಇರುವ ಮಗಳಿಗೆ ಮಾತ್ರ. ಲತಾಗಿದೆ, ನನಗಿಲ್ಲ. ಅವಳು ಅರ್ಜಿ ಹಾಕಿದರೆ ಅಮ್ಮ ಅವಳ ಮನೆಯವಳಾಗುತ್ತಾಳೆ. ನಾನು ರಜೆಗೆ ಹೋಗಿ ನೋಡಿ ಬರುವವಳು.

ಹೊರಡುವಾಗ ಲತಾ ನನ್ನ ಮುಖ ನೋಡಿ ಏನೋ ಹೇಳಲು ಬಾಯಿ ತೆರೆದಳು. ದಿನೇಶ್ ಹಾರ್ನ್ ಮಾಡಿದರು.

ಆಗಸ್ಟ್ 19, ಮಂಗಳವಾರ

ಅನ್ನಪೂರ್ಣೆ ಇಲ್ಲ.

ಅಮ್ಮ ಸ್ನಾನಕ್ಕೆ ಹೋಗಿದ್ದಾಗ ದೇವರ ಪೆಟ್ಟಿಗೆ ತೆರೆದೆ. ಧೂಳು ಒರೆಸಲು. ಅದರಲ್ಲಿ ಇರುವುದು ಒಂದೇ ವಿಗ್ರಹ, ಹೆಬ್ಬೆರಳಿನಷ್ಟು ಹಿತ್ತಾಳೆಯ ಅನ್ನಪೂರ್ಣೆ, ಉಳಿದವೆಲ್ಲ ಪಟಗಳು. ಅಜ್ಜಿ ಅಮ್ಮನ ಮದುವೆಯಲ್ಲಿ ಕೊಟ್ಟದ್ದು. ತಾಯಿಯಿಂದ ಮಗಳಿಗೆ ಹೋಗಬೇಕು. ಆದರೆ ನಮ್ಮಿಬ್ಬರ ಮದುವೆಯಲ್ಲೂ ಅಮ್ಮ ಕೊಡಲಿಲ್ಲ. "ಇರೋದು ಒಂದು, ಹೆತ್ತಿದ್ದು ಎರಡು. ಕತ್ತರಿಸಿ ಕೊಡ್ಲಾ?" ಎನ್ನುತ್ತಿದ್ದಳು.

ಈಗ ಕತ್ತರಿಸದೆ ಕೊಟ್ಟಿದ್ದಾಳೆ. ಭಾನುವಾರ, ಆ ಇಪ್ಪತ್ತು ನಿಮಿಷದಲ್ಲಿ. ಅಥವಾ ಲತಾ ತಾನೇ ತೆಗೆದುಕೊಂಡಿದ್ದಾಳೆ.

ಅಮ್ಮ ಬಂದ ಮೇಲೆ, "ದೇವರೆಲ್ಲ ಸರಿಯಾಗಿದೆಯೇನಮ್ಮ?" ಎಂದೆ.

"ದೇವರಿಗೇನಾಗತ್ತೆ. ಇರೋ ಕಡೆ ಇರ್ತಾರೆ."

ನೇರವಾಗಿ ಕೇಳಬಹುದಿತ್ತು. ಕೇಳಿದರೆ 'ಹೌದು, ಲತಾಗೆ ಕೊಟ್ಟೆ' ಎನ್ನುತ್ತಾಳೆ. ಆಮೇಲೆ ನಾನು ಆ ಉತ್ತರದ ಜೊತೆ ಇದೇ ಮನೆಯಲ್ಲಿ ಇರಬೇಕಲ್ಲ.

ಸೆಪ್ಟೆಂಬರ್ 2, ಮಂಗಳವಾರ

ಹೋದ ವಾರ ಗೌರಿ ಹಬ್ಬವನ್ನು ದೇವಸ್ಥಾನದಲ್ಲೇ ಮುಗಿಸಿದೆವು. ಮನೆಯಲ್ಲಿ ಬೇಡವೆಂದಳು ಅಮ್ಮ. ಯಾಕೆ ಬೇಡವೆಂದು ನನಗೆ ತಿಳಿಯದೆ?

ಎಸ್ತರ್ ಇವತ್ತು ಕಥೆಯ ಉಳಿದ ಭಾಗ ಹೇಳಿದರು. ಆ ಕಲ್ಲಿನ ಗುಡ್ಡೆಗೆ ಮಾವ ತನ್ನ ಅರಮಾಯಿಕ್ ಭಾಷೆಯಲ್ಲಿ ಒಂದು ಹೆಸರಿಟ್ಟ, ಅಳಿಯ ಹೀಬ್ರೂವಿನಲ್ಲಿ ಇನ್ನೊಂದು. ಎರಡರ ಅರ್ಥವೂ ಒಂದೇ, ಸಾಕ್ಷಿಯ ಗುಡ್ಡೆ. ಒಂದೇ ಗುಡ್ಡೆಯನ್ನು ಒಂದೇ ಹೆಸರಿನಿಂದ ಕರೆಯಲೂ ಅವರಿಂದ ಆಗಲಿಲ್ಲ. ಮಿತ್ಸ್‌ಪಾ ಎಂಬ ಹೆಸರು ಬಹುಶಃ ಈ ಕಥೆಗಿಂತ ಹಳೆಯದು, ಜನ ಆಮೇಲೆ ಹೆಸರಿಗೊಂದು ಕಥೆ ಕಟ್ಟಿರಬಹುದು ಎಂದೂ ಸೇರಿಸಿದರು. ಮತ್ತು ಮಾವ ಬೆನ್ನಟ್ಟಿ ಬಂದದ್ದು ಬರೀ ಮಕ್ಕಳಿಗಾಗಿ ಅಲ್ಲ. ಅವನ ಮನೆದೇವರುಗಳು ಕಳುವಾಗಿದ್ದವು.

ನನ್ನ ಕೈಯ ಪೆನ್ನು ನಿಂತಿತು.

"ಕದ್ದದ್ದು ಯಾರು?"

"ಕಿರಿಯ ಮಗಳು. ಒಂಟೆಯ ಜೀನಿನೊಳಗೆ ಇಟ್ಟು ಅದರ ಮೇಲೆ ಕೂತುಬಿಟ್ಟಳು. ಅಪ್ಪ ಒಂದೊಂದು ಡೇರೆಯನ್ನೂ ತಡಕಿದ, ಏನೂ ಸಿಗಲಿಲ್ಲ." ಎಸ್ತರ್ ನಕ್ಕರು. "ಈ ಜಾಗಕ್ಕೆ ಬಂದಾಗ ನನ್ನ ಕ್ಲಾಸಿನ ಮಕ್ಕಳು ಯಾವಾಗಲೂ ಆ ಅಪ್ಪನನ್ನು ನೋಡಿ ನಗುತ್ತಿದ್ದರು."

ನಗುವಂಥದ್ದೇನಿದೆ? ಕಿರಿಯ ಮಗಳು ಕದ್ದದ್ದು ನಿಜ ತಾನೆ?

ಮನೆಯಲ್ಲಿ ಈರೇಶ್‌ಗೆ ಹೆಸರಿನ ಅರ್ಥ ಹೇಳಿದೆ. "ನಮ್ಮ ಊರಾಗ ಇಂಥಾ ಬುರುಜಿಗೆ ಹುಡೇವು ಅಂತಾರ. ದಂಡು ಬರೋದು ನೋಡಾಕ ಕಟ್ಟಿಸಿದ್ದು" ಎಂದರು. "ದಂಡು ಒಮ್ಮಿನೂ ಬರಲಿಲ್ಲ. ಕಾವಲಿಗೆ ಕುಂತಾಂವ ಊರ ಮಂದಿ ಹಿತ್ತಲ ನೋಡಕೋತ ಕುಂತ."

ಸೆಪ್ಟೆಂಬರ್ 4, ಗುರುವಾರ

ಅಮ್ಮನ ಫೋನಿನಲ್ಲಿ ಲತಾ ಜೊತೆ ಈ ವಾರ ಹನ್ನೊಂದು ಕರೆಗಳು. ಅತಿ ಉದ್ದದ್ದು ನಲವತ್ತೆರಡು ನಿಮಿಷ.

ತನಿಷಾ ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ. "ಅಮ್ಮಾ, ಆರ್ ಯೂ ಗೋಯಿಂಗ್ ಥ್ರೂ ಅಜ್ಜೀಸ್ ಫೋನ್?"

"ಬ್ಯಾಟರಿ ನೋಡ್ತಿದ್ದೆ."

"ದಟ್ಸ್ ನಾಟ್ ದ ಬ್ಯಾಟರಿ."

ಸೆಪ್ಟೆಂಬರ್ 9, ಮಂಗಳವಾರ

ದಸರಾಕ್ಕೆ ಲತಾ ಮನೆಗೆ ಹೋಗುತ್ತೇನೆ ಎಂದಳು ಅಮ್ಮ. ಎರಡು ವಾರ ಮುಂಚೆಯೇ. ಶನಿವಾರ ಕಲಮಝೂ.

ಬ್ರೂಚ್‌ನ ಚೀಟಿಯನ್ನು ಮೂರನೇ ಸಲ ಬರೆದೆ. 'ಪರಸ್ಪರ ನಂಬಿಕೆ ಇಲ್ಲದವರ ಗಡಿಯ ಹೆಸರು' ಎಂದು. ಎಸ್ತರ್ ಓದಿ ತಲೆ ಆಡಿಸಿದರು, ಒಪ್ಪಿ ಅಲ್ಲ.

"ಇದೂ ಪೂರ್ತಿ ಸರಿಯಲ್ಲ. ಕಲ್ಲಿಟ್ಟ ಮೇಲೆ ಏನಾಯಿತು ಅಂತ ಹೇಳಲಿಲ್ಲ ಅಲ್ಲವೇ? ಇಬ್ಬರೂ ಅಲ್ಲೇ ಕೂತು ಊಟ ಮಾಡಿದರು. ಬೆಳಗ್ಗೆ ಎದ್ದು ಮಾವ ಹೆಣ್ಣುಮಕ್ಕಳಿಗೆ, ಮೊಮ್ಮಕ್ಕಳಿಗೆ ಮುತ್ತಿಟ್ಟು ತನ್ನ ದಾರಿ ಹಿಡಿದ. ನೋಡುವ ಕೆಲಸವನ್ನು ದೇವರಿಗೆ ಒಪ್ಪಿಸಿದ್ದರಿಂದಲೇ ಒಬ್ಬರಿಗೊಬ್ಬರು ಬೆನ್ನು ತೋರಿಸಿ ನಡೆಯಲು ಅವರಿಗೆ ಆಯಿತು. ನೂರು ವರ್ಷದ ಹಿಂದಿನ ಆ ಹುಡುಗಿಯರು ಬ್ರೂಚ್ ಹಾಕಿಕೊಂಡದ್ದು ದಡ್ಡತನದಿಂದಲ್ಲ, ನಿರುಪಮಾ."

ದೇವರುಗಳು ಸಿಕ್ಕವೋ ಇಲ್ಲವೋ ಎಂದು ಕೇಳಿದೆ.

"ಇಲ್ಲ. ಆಮೇಲೆ ಅವನು ಕೇಳಲೂ ಇಲ್ಲ."

ನಾನು ಕೇಳುತ್ತೇನೆ. ಶನಿವಾರ.

ಸೆಪ್ಟೆಂಬರ್ 14, ಭಾನುವಾರ. ಲಿವೋನಿಯಾ

ಲತಾ ಮನೆಯ ಮಹಡಿ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆಯದು ಕ್ರಮವಾಗಿ ಬರೆಯಬೇಕು.

ಕಲಮಝೂದಲ್ಲಿ ಅಮ್ಮ ರೆಸ್ಟ್‌ರೂಮಿಗೆ ಹೋದಳು. ನಾನು ಡಿಕ್ಕಿಯ ಪಕ್ಕ ನಿಂತೇ, "ಅನ್ನಪೂರ್ಣೆ ಎಲ್ಲಿ?" ಎಂದೆ.

"ಯಾವ ಅನ್ನಪೂರ್ಣೆ?"

"ನಾಟಕ ಬೇಡ ಲತಾ. ನೀನು ಬಂದು ಹೋದ ಎರಡನೇ ದಿನಕ್ಕೆ ಪೆಟ್ಟಿಗೆಯಲ್ಲಿಲ್ಲ."

ಅವಳು ಸೂಟ್‌ಕೇಸನ್ನು ಮೆಲ್ಲಗೆ ನೆಲಕ್ಕಿಟ್ಟಳು. "ನಾನು ಕದ್ದೆ ಅಂತೀಯಾ?"

"ಕದ್ದೆ ಅನ್ಲಿಲ್ಲ. ಅಮ್ಮ ಕೊಟ್ಟಿರಬಹುದು."

"ನಿನ್ನ ಲೆಕ್ಕದಲ್ಲಿ ಎರಡೂ ಒಂದೇ. ಸರಿ, ಬಾ. ಮನೆ ಪೂರ್ತಿ ಹುಡುಕು. ಸಿಗದೇ ಇದ್ರೆ ಊಟ ಮಾಡ್ಕೊಂಡು ಹೋಗು."

ಚುಚ್ಚಲು ಅಂದ ಮಾತು. ನಾನು "ಬರ್ತೀನಿ" ಎಂದಾಗ ಅವಳೇ ಒಂದು ಕ್ಷಣ ತಬ್ಬಿಬ್ಬಾದಳು.

ಅವಳ ಕಾರಿನ ಹಿಂದೆ ನೂರ ಇಪ್ಪತ್ತೈದು ಮೈಲಿ. ಮುಂದಿನ ಸೀಟಿನಲ್ಲಿ ಅಮ್ಮನ ತಲೆ ಒಂದು ಕಡೆ ವಾಲಿ ನಿದ್ದೆ ಹೋಗಿತ್ತು. ದಾರಿಯಲ್ಲಿ ಈರೇಶ್ ಫೋನ್ ಮಾಡಿದರು.

"ಎಲ್ಲಿ ಅದೀ?"

"ಮುಂದೆ ಹೋಗ್ತಿದೀನಿ ರೀ. ಲಿವೋನಿಯಾಗೆ. ಒಂದು ಸಾಮಾನು ತರೋದಿದೆ."

 "ಹುಷಾರಾಗಿ ಹೋಗು. ಸಾಮಾನು ಸಿಗಲಿಲ್ಲ ಅಂದ್ರೂ ಜಗಳ ಹೊತ್ಕೊಂಡು ಬರಬ್ಯಾಡ."

ಲತಾ ಮನೆ ತಲುಪಿದ ಕೂಡಲೇ ಅಮ್ಮ ಸ್ನಾನಕ್ಕೆ ಹೋದಳು. ದಿನೇಶ್ ಒಮ್ಮೆ ನಮ್ಮಿಬ್ಬರ ಮುಖ ನೋಡಿ, ಹುಲ್ಲು ಕತ್ತರಿಸುವುದಿದೆ ಎಂದು ಹೊರಗೆ ಹೋದರು. ಲತಾ ಒಂದೊಂದೇ ಬಾಗಿಲು ತೆರೆದು ಕೊಟ್ಟಳು. ದೇವರ ಕಪಾಟು, ಅಡುಗೆಮನೆ, ಅವಳ ಬೀರು. "ಇದೂ ನೋಡು. ಕೆಳಗಿನ ಡ್ರಾಯರ್ ಬಿಟ್ಟೆ." ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಬಂದದ್ದೇ ತಪ್ಪು ಎಂದಾಗುತ್ತದೆ ಅನ್ನಿಸಿ ಮುಂದುವರಿಸಿದೆ. ಅವಳ ಸೀರೆಗಳ ನಡುವೆ ಕೈ ಹಾಕುವಾಗ ಎಸ್ತರ್ ಕ್ಲಾಸಿನ ಮಕ್ಕಳು ಹಿಂದೆ ನಿಂತಿರುವ ಹಾಗಾಯಿತು.

ಕೊನೆಯ ಖಾನೆಯಲ್ಲಿ ಬಿಚ್ಚದ ಸೀರೆಯ ಪೊಟ್ಟಣ ಸಿಕ್ಕಿತು. ಮೈಸೂರಿನ ಅಂಗಡಿಯದು. ಮೇಲೆ ಅಮ್ಮನ ಅಕ್ಷರದಲ್ಲಿ 'ನಿರು'.

"ಅಪ್ಪನ ವೈಕುಂಠ ಸಮಾರಾಧನೆ ದಿನ ಹೆಣ್ಣುಮಕ್ಕಳಿಗೆ ಕೊಟ್ಟಿದ್ದು," ಎಂದಳು ಲತಾ. "ನಿನ್ನ ಪರವಾಗಿ ನಾನೇ ಎರಡು ಸಲ ಕೈ ಒಡ್ಡಿದೆ. ದೊಡ್ಡ ಮಗಳು ಎಲ್ಲಿ ಅಂತ ಕೇಳಿದವರಿಗೆ ಜ್ವರ ಅಂತ ಹೇಳ್ದೆ. ವೀಸಾ ಅಂದಿದ್ರೆ ಅವರಿಗೆ ಅರ್ಥ ಆಗ್ತಿರಲಿಲ್ಲ."

"ಆರು ವರ್ಷ ಇಟ್ಕೊಂಡಿದೀಯಾ?"

"ಪಾರ್ಕಿಂಗ್ ಲಾಟ್‌ನಲ್ಲಿ ಕೊಡೋ ಸೀರೆನಾ ಅದು? ನೀನು ಮನೆಗೆ ಬರ್ಲಿಲ್ಲ."

ಆಗ ಅಮ್ಮ ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಿಗೆ ಬಂದಳು. ತೆರೆದ ಬೀರು, ಮಂಚದ ಮೇಲೆ ರಾಶಿ ಬಿದ್ದ ಸೀರೆಗಳು, ನಾವಿಬ್ಬರು.

"ಏನು ಹುಡುಕ್ತಾ ಇದೀರೇ?"

"ನಿನ್ನ ಅನ್ನಪೂರ್ಣೇನ ನಾನು ಕದ್ದಿದೀನಂತಮ್ಮ," ಎಂದಳು ಲತಾ. "ಜಪ್ತಿ ನಡೀತಾ ಇದೆ."

ಅಮ್ಮ ಮಂಚದ ಅಂಚಿನಲ್ಲಿ ಕೂತಳು. "ಅದು ಅಕ್ಕೀಲಿದೆ ಕಣೆ. ನಿನ್ನ ಮನೇಲೇ ನಿರೂ. ಸ್ಟೀಲ್ ಡಬ್ಬದಲ್ಲಿ, ಮೇಲಿನ ಗೂಡಲ್ಲಿ."

ಇಷ್ಟೇ ಎಂಬಂತೆ ಹೇಳಿದಳು. ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ದೀಪ ಇಲ್ಲದ ಕಡೆ ವಿಗ್ರಹವನ್ನು ಕೂರಿಸಬಾರದು. ಊರಿಗೆ ಹೋಗುವಾಗ, ಪೂಜೆ ನಿಂತಾಗ, ಅಕ್ಕಿಯಲ್ಲಿ ಮಲಗಿಸಬೇಕು. ಅಜ್ಜಿ ಮಾಡುತ್ತಿದ್ದುದನ್ನು ನಾನೇ ನೋಡಿದ್ದೇನೆ. ಎಂ.ಎ. ಓದಿದವಳಿಗೆ, ಮೂರು ಸಾವಿರ ವರ್ಷದ ಹೀಬ್ರೂ ಊರಿನ ಹೆಸರು ಬಿಡಿಸಿಕೊಂಡು ಕೂತವಳಿಗೆ, ನೆನಪಾಗಲಿಲ್ಲ.

"ಮತ್ತೆ ಇಲ್ಲಿಗೆ ಯಾಕೆ ತರ್ಲಿಲ್ಲ? ಇಲ್ಲಿ ದೀಪ ಹಚ್ತೀರಲ್ಲ," ಎಂದೆ.

"ಮಲಗಿಸಿದ ಮನೆಯಿಂದ ಎತ್ಕೊಂಡು ಬರೋಕಾಗತ್ತಾ? ಅನ್ನಪೂರ್ಣೆ ಮನೆ ಬಿಟ್ಟು ಹೊರಟ ಹಾಗಾಗಲ್ವಾ? ನಿನಗೇ ಇರ್ಲಿ ಅಂತ ಬಿಟ್ಟು ಬಂದೆ. ಯಾವತ್ತೋ ಒಂದಿನ ಅಕ್ಕಿ ಡಬ್ಬ ತೆಗೀತೀಯ, ನೋಡ್ತೀಯ ಅಂದ್ಕೊಂಡೆ." ಆಮೇಲೆ, "ನೀನು ಕೇಳಿದ್ರೆ ಹೇಳ್ತಿದ್ದೆ" ಎಂದಳು.

 ಹೊರಗೆ ದಿನೇಶ್‌ರ ಹುಲ್ಲಿನ ಮಿಷನ್ ಸದ್ದು ಮಾಡುತ್ತಿತ್ತು. ಲತಾ ಸೀರೆಗಳನ್ನು ಮಡಚತೊಡಗಿದಳು. ನಾನು ಇನ್ನೊಂದು ತುದಿ ಹಿಡಿದೆ. ಕ್ಷಮಿಸು ಎನ್ನಬೇಕೆಂದು ಎರಡು ಸಲ ಬಾಯಿಗೆ ಬಂತು. ಮೂರನೆಯ ಸೀರೆಗೆ ಅಂದೆ. ಅವಳು, "ಅಂಚು ಸರಿ ಹಿಡ್ಕೋ" ಎಂದಳು.

ಊಟಕ್ಕೆ ಅನ್ನ, ಬಸ್ಸಾರು. ಊಟದ ಮೇಲೆ ಅವಳು ನೀಲಿ ಫೈಲ್ ತಂದು ನನ್ನ ಮುಂದೆ ಇಟ್ಟಳು. ಅರ್ಜಿ ಪೂರ್ತಿ ತುಂಬಿತ್ತು, ಅಮ್ಮ ಇರುವ ವಿಳಾಸದ ಜಾಗ ಒಂದನ್ನು ಬಿಟ್ಟು.

"ಅವತ್ತು ಅಮ್ಮಂಗೆ ಇದನ್ನೇ ಕೇಳಿದ್ದು. ಅಕ್ಕನ್ನ ಕೇಳದೆ ಬರೀಬೇಡ ಅಂದ್ಳು. ಹೊರಡೋವಾಗ ಕೇಳೋಣ ಅಂದ್ಕೊಂಡ್ರೆ ನಿನ್ನ ಮುಖ ನೋಡಿ ಧೈರ್ಯ ಬರ್ಲಿಲ್ಲ."

ಅಮ್ಮನನ್ನು ನೋಡಿದೆ. ಅವಳು ಮೊಸರಿನ ಬಟ್ಟಲನ್ನು ನೋಡುತ್ತಿದ್ದಳು.

"ಎಲ್ಲಿರ್ತೀಯಮ್ಮ?" ಎಂದೆ. ಇದನ್ನೂ ನಾನು ಈವರೆಗೆ ಕೇಳಿರಲಿಲ್ಲ.

"ಇಲ್ಲಿ ಬಿಸಿಲು ಬರೋ ಕೋಣೆ ಇದೆ," ಎಂದಳು. "ನಿನ್ನ ಮನೇಲಿ ನಾನು ಏನು ಮುಟ್ಟಿದ್ರೂ ನೀನು ನೋಡ್ತಾ ಇರ್ತೀಯ ಕಣೆ. ಕೈ ನಡುಗತ್ತೆ."

ಬೈಗುಳವಲ್ಲ. ಬಿಸಿಲಿನ ಬಗ್ಗೆ ಹೇಳಿದ ದನಿಯಲ್ಲೇ ಹೇಳಿದಳು. ನಾನು ಏನೇನೋ ಹೇಳಬೇಕೆಂದುಕೊಂಡೆ, ಅಲಾರಂ, ಮರದ ಮನೆ, ಪರದೆ. 

"ಲಿವೋನಿಯಾ ಅಂತ ಬರಿ ಲತಾ," ಎಂದೆ.

ಲತಾ ಪೆನ್ನಿನ ಮುಚ್ಚಳ ತೆಗೆದವಳು ತಡೆದಳು. "ಅನ್ನಪೂರ್ಣೆ ನಿಂಗೆ, ಅಮ್ಮ ನಂಗೆ ಅಂತ ಪಾಲು ಮಾಡ್ತಿದೀಯೇನು ಮತ್ತೆ?"

"ಇಲ್ಲ. ಬರಿ."

ಬರೆದಳು. ಮನೆ ನಂಬರು, ಬೀದಿ, ಊರು. ನಾನು ಪಕ್ಕದಲ್ಲಿ ಕೂತು ಒಂದೊಂದು ಅಕ್ಷರವನ್ನೂ ನೋಡಿದೆ. ನೋವಾಗಲಿಲ್ಲ ಎಂದರೆ ಸುಳ್ಳು. ಸಂಜೆ ಹೊರಡಲು ಎದ್ದಾಗ ಅವಳು, "ಕತ್ತಲಾಗತ್ತೆ, ನಾಳೆ ಹೋಗು" ಎಂದಳು. ಬರೀ ಉಪಚಾರಕ್ಕೆ ಅಂದಳೋ ಏನೋ ಎಂದು ಅನುಮಾನವಾಯಿತು. ಆದರೂ ಉಳಿದೆ.

ಈಗ ಬೆಳಗಿನ ಹತ್ತು ಗಂಟೆ. ಕೆಳಗೆ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದಾರೆ. ಅಮ್ಮ ಏನೋ ಹೇಳಿದಳು, ಲತಾ ಜೋರಾಗಿ ನಕ್ಕಳು, ಅಮ್ಮನೂ ನಗುತ್ತಿದ್ದಾಳೆ. ಮೆಟ್ಟಿಲ ಮೇಲೆ ನಿಂತರೆ ಪೂರ್ತಿ ಕೇಳಿಸುತ್ತದೆ. ಖಂಡಿತ ನನ್ನ ವಿಷಯವೇ. ಮೆಟ್ಟಿಲ ಮೇಲೆ ನಿಲ್ಲದೆ ನೇರ ಕೆಳಗೆ ಹೋಗಿ ಅವರನ್ನೇ ಕೇಳುತ್ತೇನೆ, ನನ್ನ ಬಗ್ಗೆ ಏನು ಆಡಿಕೊಳ್ಳುತ್ತಿದ್ದೀರಿ ಎಂದು.